ತೂಕ ಕೂಗಿದವನು

2016ರ ಜೂನ್ 14, ಮಂಗಳವಾರ, ಬೆಳಿಗ್ಗೆ 10.20. ಸುಮಂಗಲಾಳ ತೂಕ ಎಂಬತ್ತನಾಲ್ಕು ಕೆಜಿ ಇನ್ನೂರು ಗ್ರಾಂ.

ಸಾಲಿನಲ್ಲಿ ನಿಂತಿದ್ದ ಅರವತ್ತು ಜನಕ್ಕೂ ಅದು ಕೇಳಿಸಿತು.

"ಎಂಬತ್ನಾಲ್ಕು ಇನ್ನೂರೂ...!"

ಕೂಗಿದವನು ಮನು. ಪೀಣ್ಯದ ಆ ಪಂಪ್‌ಸೆಟ್ ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವವನು. ಇಂಜಿನ್ ಸದ್ದಿನಲ್ಲಿ ಡ್ರೈವರಿಗೆ ಕೇಳಿಸಲೆಂದು ಕಿಟಕಿಯಿಂದಲೇ ತೂಕ ಕೂಗುವುದು ಅವನ ಎಂಟು ವರ್ಷದ ರೂಢಿ. ಅಂದು ಆರೋಗ್ಯ ಶಿಬಿರದಲ್ಲಿ ತೂಕ ನೋಡಬೇಕಾದವರು ಬಂದಿರಲಿಲ್ಲ. ಸೂಪರ್‌ವೈಸರ್ ವೆಂಕಟರಮಣಪ್ಪ ಇವನನ್ನು ನಿಲ್ಲಿಸಿದ್ದರು.

ಅವಳಿಗಿಂತ ಮೊದಲು ಹನ್ನೊಂದು ಜನರ ತೂಕವನ್ನೂ ಅವನು ಹಾಗೆಯೇ ಕೂಗಿದ್ದ. ಆಗ ಯಾರೂ ನಕ್ಕಿರಲಿಲ್ಲ.

"ಗುರೂ, ಓವರ್‌ಲೋಡು! ಫೈನ್ ಹಾಕು!" ಹಿಂದಿನಿಂದ ಯಾರೋ ಅಂದರು. ಸಾಲಿಗೆ ಸಾಲೇ ನಕ್ಕಿತು.

ಸುಮಂಗಲಾ ತಕ್ಕಡಿಯಿಂದಿಳಿದಳು. ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ, ಬರಿಗಾಲಲ್ಲೇ ವೈಂಡಿಂಗ್ ಸೆಕ್ಷನ್‌ಗೆ ನಡೆದು, ತಾಮ್ರದ ತಂತಿ ಸುತ್ತುತ್ತಾ ಕೂತಳು. ಕಣ್ಣೀರು ತಂತಿಯ ಮೇಲೆ ಬೀಳುತ್ತಿತ್ತು.

ಅವಳಿಗೆ ಇಪ್ಪತ್ತೆಂಟು. ಗದಗಿನ ಕಡೆಯವಳು. ಹಿಂದಿನ ತಿಂಗಳಷ್ಟೇ ಗಂಡಿನ ಕಡೆಯವರು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, 'ಹುಡುಗಿ ಮೈಯಾಗ ಭಾರ ಅದಾಳ' ಎಂದು ಅವಳ ಸೋದರಮಾವನ ಕೈಲಿ ಹೇಳಿಕಳಿಸಿದ್ದರು.

ಸಂಜೆ ಗೇಟಿನಲ್ಲಿ ಮನು ನಿಂತಿದ್ದ, ಕೈಯಲ್ಲಿ ಅವಳ ಚಪ್ಪಲಿ ಹಿಡಿದು.

"ತಪ್ಪಾಯ್ತು ಮೇಡಂ. ದಿನಾ ಲಾರಿ ತೂಕ ಕೂಗಿ ಕೂಗಿ ಬಾಯಿಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ."

"ಅಂದ್ರ ನಾ ಲಾರಿ ಏನ್ರೀ?"

"ಅಯ್ಯಯ್ಯೋ, ಅಂಗಲ್ಲ..."

"ಆಣಿ ಮಾಡ್ರಿ. ಇನ್ನ ಮ್ಯಾಲೆ ನನ್ನ ಮೈ ಬಗ್ಗೆ ನಿಮ್ಮ ಬಾಯಾಗ ಒಂದ್ ಮಾತೂ ಬರಬಾರ್ದು. ದಪ್ಪ ಆದ್ರೂ ಅಷ್ಟೇ, ಸಣ್ಣ ಆದ್ರೂ ಅಷ್ಟೇ."

"ನಮ್ಮಮ್ಮನಾಣೆ." ಅವನು ಬಗ್ಗಿ ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟ.

ಅವಳು ಬಾಡಿಗೆ ಕೋಣೆಯಲ್ಲಿದ್ದದ್ದು ನಾಗಸಂದ್ರದಲ್ಲಿ. ಅವನ ಮನೆಯೂ ಅಲ್ಲೇ, ಅವನ ತಾತನ ಕಾಲದಿಂದಲೂ. ಸಂಜೆ ಇಬ್ಬರೂ ಜೊತೆಯಲ್ಲಿ ನಡೆದು ಹೋಗುವುದು ಶುರುವಾಯಿತು. ಮುದ್ದೆ ಹೆಚ್ಚೋ ರೊಟ್ಟಿ ಹೆಚ್ಚೋ ಎಂದು ಜಗಳವಾಡುತ್ತಾ, ನಗುತ್ತಾ... ಜುಲೈ ಮುಗಿಯುವಷ್ಟರಲ್ಲಿ ಸುಮಂಗಲಾಳಿಗೆ ತನ್ನ ಮನಸ್ಸು ತಿಳಿದುಹೋಗಿತ್ತು.

'ಆದರೆ ಅರವತ್ತು ಜನರೆದುರು ನನ್ನ ಭಾರ ಓದಿದವನು ಇವನು. ಇವನ ಕಣ್ಣಲ್ಲಿ ಮೊದಲು ನಾನು ಹಗುರಾಗಬೇಕು.'

ಬೆಳಿಗ್ಗೆ ಸಕ್ಕರೆಯಿಲ್ಲದ ಚಹಾ. ಮಧ್ಯಾಹ್ನ ಒಂದು ಸೌತೆಕಾಯಿ. ರಾತ್ರಿ ಅರ್ಧ ರೊಟ್ಟಿ. ತೂಕ ಕೂಗಿಸಿಕೊಂಡ ದಿನದಿಂದಲೇ ಅವಳ ಊಟ ಇಷ್ಟೇ ಆಗಿತ್ತು; ಈಗ ಹಟ ಇನ್ನೂ ಬಿಗಿಯಾಯಿತು.

"ಹುಚ್ಚಿ, ಹಿಂಗ ಉಪಾಸ ಬಿದ್ರ ಸಣ್ಣ ಆಗಂಗಿಲ್ಲ, ಸತ್ತು ಸುಣ್ಣ ಆಗ್ತಿ!" ಜೊತೆಗೇ ಇದ್ದು ಜೊತೆಗೇ ಕೆಲಸ ಮಾಡುವ ಶೇಖವ್ವ ಬೈಯುತ್ತಿದ್ದಳು. ಆಗಸ್ಟ್‌ನಿಂದ ದಿನಾ ಒಂದು ಸ್ಟೀಲ್ ಡಬ್ಬಿ ತಂದು ಮುಂದಿಡತೊಡಗಿದಳು. "ಓಣ್ಯಾಗಿನ ಅಮ್ಮಾರು ಕೊಟ್ಟಾರ. ತಿನ್ನು." ಹೆಸರುಕಾಳಿನ ಉಸಲಿ, ಇಲ್ಲವೇ ಸೊಪ್ಪಿನ ಪಲ್ಯ. ಸುಮಂಗಲಾ ಮುಚ್ಚಳವನ್ನೂ ತೆಗೆಯದೆ ವಾಪಸ್ ತಳ್ಳುತ್ತಿದ್ದಳು.

ಅವಳು ಸಣ್ಣಗಾದದ್ದನ್ನು ಸೆಕ್ಷನ್‌ನಲ್ಲಿ ಎಲ್ಲರೂ ಹೊಗಳಿದರು. ಓವರ್‌ಲೋಡು ಅಂದಿದ್ದವನೇ 'ಸಕ್ಕತ್ತಾಗಿದೀರ' ಅಂದ.

ಮನು ಮಾತ್ರ ಏನೂ ಅನ್ನಲಿಲ್ಲ.

ಆಗಸ್ಟ್ 19ರಂದು ಅವಳು ಹೊಸ ಚೂಡಿದಾರ್ ತೊಟ್ಟು ವೇಬ್ರಿಡ್ಜ್ ಕಿಟಕಿಯೆದುರು ನಿಂತಳು. ಎರಡು ಸಲ ಬಿಗಿ ಮಾಡಿಸಿದ್ದ ಚೂಡಿದಾರ್.

"ಹೆಂಗ ಕಾಣಸ್ತೀನ್ರಿ?"

ಅವನು ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿ ತಲೆ ತಗ್ಗಿಸಿದ.

"ಮಳೆ ಬರೋಂಗಿದೆ ಮೇಡಂ... ಬೇಗ ಹೊರಡಿ."

ಅಷ್ಟೇ!

ಸುಮಂಗಲಾ ಅಂದು ಒಬ್ಬಳೇ ನಡೆದಳು. ತಾನೇ ಹಾಕಿಸಿದ ಆಣೆ ಅವಳಿಗೆ ನೆನಪಾಗಲಿಲ್ಲ. 'ಇನ್ನೂ ಸಾಲದು... ಇಷ್ಟು ಕರಗಿದರೂ ಇವನಿಗೆ ನಾನು ಕಾಣುವುದಿಲ್ಲ.' ಮರುದಿನದಿಂದ ಅವನೊಡನೆ ಮಾತು ಬಿಟ್ಟಳು. ರಾತ್ರಿಯ ಅರ್ಧ ರೊಟ್ಟಿಯನ್ನೂ ಬಿಟ್ಟಳು.

ಆಗಸ್ಟ್ 30ರ ಮಧ್ಯಾಹ್ನ 3.10ಕ್ಕೆ ವೈಂಡಿಂಗ್ ಮೆಷಿನ್ ಪಕ್ಕದಲ್ಲೇ ಕುಸಿದು ಬಿದ್ದಳು.

ಮರುದಿನ ಬೆಳಿಗ್ಗೆ ನರ್ಸಿಂಗ್ ಹೋಮಿನಲ್ಲಿ ಕಣ್ಣುಬಿಟ್ಟಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಮನು ಇದ್ದ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಡಾಕ್ಟರಮ್ಮ ಬಂದರು. "ಮೊದಲು ಎಷ್ಟು ತೂಕ ಇದ್ರಮ್ಮ?"

"ಎಂಬತ್ನಾಕು... ಇನ್ನೂರು."

"ಈಗ?"

ನರ್ಸ್ ತಕ್ಕಡಿ ತಂದಿಟ್ಟು, ಅವಳನ್ನು ಹಿಡಿದು ನಿಲ್ಲಿಸಿದಳು. "ಅಣ್ಣಾ, ಎಷ್ಟು ತೋರಿಸ್ತಿದೆ ನೋಡಿ ಹೇಳಿ."

ಮನು ಬಗ್ಗಿ ನೋಡಿದ. ತುಟಿ ಬಿಗಿದುಕೊಂಡ. ನರ್ಸಿನ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದು ಡಾಕ್ಟರಿಗೆ ಹಿಡಿದ: 69.1.

"ಬಾಯಿಲ್ವೇನ್ರೀ ನಿಮಗೆ?" ನರ್ಸ್ ನಕ್ಕಳು.

ಡಾಕ್ಟರಮ್ಮ ನಗಲಿಲ್ಲ. "ತೂಕ ಇಳಿಸೋದು ತಪ್ಪಲ್ಲ, ನಿಮಗೆ ಅದು ಬೇಕಿತ್ತು. ಆದ್ರೆ ವಾರಕ್ಕೆ ಅರ್ಧ ಕೆಜಿ, ಹೆಚ್ಚಂದ್ರೆ ಒಂದು. ನೀವು ಹನ್ನೊಂದು ವಾರಕ್ಕೆ ಹದಿನೈದು ಇಳಿಸಿದೀರ. ರಕ್ತದಲ್ಲಿ ಹಿಮೋಗ್ಲೋಬಿನ್ ಏಳೂವರೆಗೆ ಇಳಿದಿದೆ. ಮೂರು ಹೊತ್ತೂ ಊಟ ಮಾಡಿ. ಕಾಳು, ಸೊಪ್ಪು ಜಾಸ್ತಿ ಇರಲಿ. ನಡೀರಿ. ಹಸಿವು ಕಟ್ಟಿಕೊಂಡು ಮಾತ್ರ ಇರಬೇಡಿ."

ಡಾಕ್ಟರಮ್ಮ, ನರ್ಸ್ ಇಬ್ಬರೂ ಹೊರಗೆ ಹೋದರು.

ಸುಮಂಗಲಾ ಅವನ ಅಂಗೈಯನ್ನೇ ನೋಡುತ್ತಿದ್ದಳು. ಚಪ್ಪಲಿ ಹಿಡಿದು ನಿಂತಿದ್ದ ಸಂಜೆ ಆಗ ನೆನಪಿಗೆ ಬಂತು.

"ಆಣಿಗಾಗಿ ಸುಮ್ನಿದ್ರೇನ್ರಿ? ಇಷ್ಟ್ ದಿನಾ?"

"ಅಮ್ಮನ ಮೇಲೆ ಇಟ್ಟಿದ್ದಲ್ವಾ..."

"ನಾ ಆಣಿ ಬಿಟ್ಟೇನಿ. ಈಗ ಹೇಳ್ರಿ."

ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಕೆನ್ನೆ ಒಳಕ್ಕೋಯ್ತು. ಬಳೆ ಮೊಣಕೈವರ್ಗೂ ಜಾರ್ತಿತ್ತು. ಮೆಟ್ಲು ಹತ್ತೋವಾಗ ಗೋಡೆ ಹಿಡ್ಕೊಂತಿದ್ರಿ. ಎಲ್ಲಾ ನೋಡ್ತಿದ್ದೆ ಕಣ್ರೀ! ಬಾಯ್ಬಿಡೋಂಗಿರ್ಲಿಲ್ಲ. ಅದಕ್ಕೇ ಡಬ್ಬಿ ಕಳಿಸ್ದೆ."

"ಡಬ್ಬಿ...? ಅದು ನಿಮ್ದೇನ್ರಿ?"

"ನಮ್ಮಮ್ಮ ಬೆಳಿಗ್ಗೆ ಐದಕ್ಕೆದ್ದು ಬೇಯಿಸೋರು. 'ಆ ಹುಡ್ಗೀಗೆ ಹಿಡಿಸ್ತೇನ್ಲಾ?' ಅಂತ ದಿನಾ ಕೇಳೋರು. ಹಿಡಿಸ್ತು ಅಂತಿದ್ದೆ."

ಮುಚ್ಚಳ ತೆಗೆಯದೆ ತಳ್ಳಿದ ಡಬ್ಬಿಗಳೆಲ್ಲ ಕಣ್ಣ ಮುಂದೆ ಬಂದು ಸುಮಂಗಲಾ ಮುಖ ಮುಚ್ಚಿಕೊಂಡು ಬಿಕ್ಕಿದಳು. "ತುಂಬಿದ ಡಬ್ಬಿ... ಏನ್ ಮಾಡ್ತಿದ್ರಿ?"

"ವೇಬ್ರಿಡ್ಜಲ್ಲಿ ಕೂತು ನಾನೇ ತಿಂತಿದ್ದೆ. ಮೂರು ಕೆಜಿ ಏರಿದೀನಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ನಂಗೆ ಎಂಬತ್ನಾಲ್ಕು ಇನ್ನೂರು ಇದ್ದಾಗ್ಲೇ ನೀವು ಬೇಕಾಗಿತ್ತು ಕಣ್ರೀ."

"ಅದನ್ನ ಕೂಗಿ ಹೇಳಬೇಕಿತ್ರಿ..."

"ಈಗ ಕೂಗ್ಲಾ? ನರ್ಸಮ್ಮ ಆಚೆ ಹಾಕ್ತಾರೆ."

"ಬ್ಯಾಡ. ಮೆಲ್ಲಕ ಹೇಳ್ರಿ. ನನಗಷ್ಟ ಕೇಳಿದ್ರ ಸಾಕು."

ಅವನು ಅವಳ ಕಿವಿಯ ಬಳಿ ಬಗ್ಗಿದ.

ಬೆಳಿಗ್ಗೆ 8.40ಕ್ಕೆ ಶೇಖವ್ವ ಎಂದಿನ ಡಬ್ಬಿ ತಂದಳು. ಸುಮಂಗಲಾ ನರ್ಸ್ ಕೊಟ್ಟ ಎರಡು ಇಡ್ಲಿಯನ್ನೂ ಡಬ್ಬಿಯಲ್ಲಿದ್ದ ಹೆಸರುಕಾಳನ್ನೂ ಪೂರ್ತಿ ತಿಂದಳು.