ಸೊಟ್ಟಗಾದ ಗರಗಸ

ಊಟದ ನಂತರ ಎರಡು ಗಂಟೆಗೆ ಮರಗೆಲಸದ ಶೆಡ್ಡಿನ ಬಾಗಿಲು ತೆರೆದಾಗ ಪೆಟ್ಟಿಗೆ ಮೇಜಿನ ಮೇಲೇ ಇತ್ತು. ಅದರ ಒಂದು ಮೂಲೆ ಮಾತ್ರ ಇರಲಿಲ್ಲ.

ಯಾರೋ ಗರಗಸ ಹಾಕಿ ಮೂಲೆಯನ್ನು ಮೇಲಿಂದ ಕೆಳಗಿನವರೆಗೆ ಕೊಯ್ದಿದ್ದರು. ಕೊಯ್ದ ಪಟ್ಟಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದ್ದರು. ಹನ್ನೆರಡು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು.

ನಾಲ್ಕು ಗಂಟೆಗೆ ವಿದೇಶದ ಪಾಲುದಾರ ಕಾಲೇಜಿನಿಂದ ಇಬ್ಬರು ಬರುವವರಿದ್ದರು. ಪೆಟ್ಟಿಗೆಯನ್ನು ನೋಡಿ, ಅದನ್ನು ಮಾಡಿದ ಹುಡುಗಿಗೆ ಒಂದು ವರ್ಷದ ತರಬೇತಿಯ ಜಾಗ ಖಾತ್ರಿ ಮಾಡುವುದು ಅವರ ಕೆಲಸ. ಪೆಟ್ಟಿಗೆ ಇಲ್ಲದಿದ್ದರೆ ಜಾಗ ಎರಡನೆಯ ಸ್ಥಾನದವನಿಗೆ. ನಿಯಮ ಅಷ್ಟೇ.

ಪ್ರಿನ್ಸಿಪಾಲರು ಫೈಲಮ್ಮನನ್ನು ಕರೆಸಿದರು. ಅವಳ ವಿದ್ಯಾರ್ಥಿ ವಿನಿಮಯ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಎರಡು ಬೀರು ಮತ್ತು ಅವಳು. ಒಂಬತ್ತು ವರ್ಷಗಳಲ್ಲಿ ನಲವತ್ತೊಂದು ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಿದ್ದಳು. ತಾನು ಎಲ್ಲಿಗೂ ಹೋಗಿರಲಿಲ್ಲ. ಹೋಗುವ ಆಸೆ ಯಾವಾಗ ತಣ್ಣಗಾಯಿತೆಂಬುದೂ ನೆನಪಿರಲಿಲ್ಲ.

"ಪೊಲೀಸು ಗಿಲೀಸು ಬೇಡ," ಎಂದರು ಪ್ರಿನ್ಸಿಪಾಲರು. "ಮಾಡಿದವನು ಗೊತ್ತಾಗಿದೆ. ವಿದೇಶದಿಂದ ಬಂದಿರೋ ಆ ಅತಿಥಿ ಹುಡುಗ. ಅವನ ಗರಗಸ ಸೊಟ್ಟಗಾಗಿ ಅವನ ಬೆಂಚಿನ ಕೆಳಗೇ ಸಿಕ್ಕಿದೆ. ನಾಳೆಯ ವಿಮಾನ ಹತ್ತಿಸಿಬಿಡಿ."

"ಅವನು ಯಾಕೆ ಮಾಡ್ತಾನೆ ಸಾರ್?"

"ಹೊಟ್ಟೆಕಿಚ್ಚು."

"ಅವಳು ಹೋಗ್ತಿರೋದು ಅವನ ಕಾಲೇಜಿಗೇ. ತನ್ನ ಮನೆಗೆ ಬರೋ ನೆಂಟರ ಮೇಲೆ ಯಾರಿಗೆ ಹೊಟ್ಟೆಕಿಚ್ಚು?"

"ಫೈಲಮ್ಮ, ನಾಲ್ಕು ಗಂಟೆ. ಅಷ್ಟರಲ್ಲಿ ಬೇರೆ ಯಾರಾದ್ರೂ ಇದ್ರೆ ಹೇಳಿ. ಇಲ್ದಿದ್ರೆ ಟಿಕೆಟ್."

*

ಅತಿಥಿ ಹಲಗೆಗಳ ರಾಶಿಯ ಮೇಲೆ ಕುಳಿತಿದ್ದ. ಆರು ತಿಂಗಳ ವಿನಿಮಯಕ್ಕೆ ಬಂದವನು. ಭಾಷೆಯನ್ನು ಶೆಡ್ಡಿನ ಹುಡುಗರಿಂದ ಕಲಿತದ್ದರಿಂದ ಅವನಿಗೆ ಲೋಕದಲ್ಲಿ ಎಲ್ಲರೂ ಅಣ್ಣಂದಿರೇ.

"ನಾನು ಮಾಡಿಲ್ಲ ಅಣ್ಣ."

"ನಾನು ಅಕ್ಕ. ಊಟದ ಹೊತ್ತಲ್ಲಿ ಎಲ್ಲಿದ್ದೆ?"

"ರೂಮಿನಲ್ಲಿ. ಅಮ್ಮನ ಜೊತೆ ಫೋನ್."

"ಯಾರಾದ್ರೂ ನೋಡಿದ್ರಾ?"

"ಅಮ್ಮ ನೋಡಿದಳು."

ಫೈಲಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವನು ಗರಗಸವನ್ನು ಮಡಿಲಲ್ಲಿಟ್ಟುಕೊಂಡಿದ್ದ. ಕಾಗದದಷ್ಟು ತೆಳುವಾದ ಅಲಗು ನಡುವೆ ಮಡಿಚಿಕೊಂಡಿತ್ತು.

"ಅಜ್ಜನದು," ಎಂದ. "ಮೂವತ್ತು ವರ್ಷ ಹೀಗೆ ಆಗಿಲ್ಲ."

"ಇನ್ನೊಂದು ಇದೆಯಾ? ಕೊಯ್ದು ತೋರಿಸು."

ಅವನು ಚೀಲದಿಂದ ಅಂಥದೇ ಇನ್ನೊಂದನ್ನು ತೆಗೆದು ಒಂದು ತುಂಡು ಮರದ ಮೇಲಿಟ್ಟ. ತನ್ನ ಕಡೆಗೆ ಎಳೆದ. ಗರಗಸ ಸದ್ದಿಲ್ಲದೆ ಇಳಿಯಿತು.

"ನೀವು ತಳ್ತೀರಿ. ನಾವು ಎಳೀತೀವಿ. ನಿಮ್ಮ ಗರಗಸ ದಪ್ಪ, ತಳ್ಳಬಹುದು. ಇದನ್ನು ಜೋರಾಗಿ ತಳ್ಳಿದರೆ..." ಅವನು ಬೆರಳನ್ನು ಮಡಿಚಿ ತೋರಿಸಿದ.

ಫೈಲಮ್ಮ ಪೆಟ್ಟಿಗೆಯೊಳಗಿನ ಪಟ್ಟಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನ ಎರಡು ಬೆರಳಗಲದಷ್ಟು ಕೊಯ್ತ ನುಣುಪಾಗಿತ್ತು. ಅಲ್ಲೊಂದು ಸಣ್ಣ ಮೆಟ್ಟಿಲು. ಅದರ ಕೆಳಗೆಲ್ಲ ಒರಟು. ಆ ಒರಟು ಭಾಗ ನೆಟ್ಟಗೂ ಇರಲಿಲ್ಲ, ಅಲೆಅಲೆಯಾಗಿತ್ತು.

ಎರಡು ಗರಗಸ. ಮೊದಲು ತೆಳುವಾದದ್ದು, ಅದು ಮಡಿಚಿಕೊಂಡ ಮೇಲೆ ದಪ್ಪನೆಯದು.

*

ಕಿಟಕಿಯ ಚಿಲಕ ಬಿದ್ದುಹೋಗಿ ಎರಡು ವರ್ಷವಾಗಿತ್ತು. ಕಟ್ಟೆಯ ಧೂಳಿನ ಮೇಲೆ ಬೂಟಿನ ಗುರುತು. ಗುರುತಿನ ಪಕ್ಕ ಒಂದು ಪೆನ್ಸಿಲು. ಪೆನ್ಸಿಲಿನ ಮೈತುಂಬ ಯಾರೋ ಬ್ಲೇಡಿನಿಂದ ಸೆಂಟಿಮೀಟರಿನ ಗೀಟು ಹಾಕಿದ್ದರು.

ಅದು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಎರಡನೆಯ ಸ್ಥಾನದ ಹುಡುಗನನ್ನು ಎಲ್ಲರೂ ಟೇಪು ಎನ್ನುತ್ತಿದ್ದರು. ಸೊಂಟದ ಅಳತೆಪಟ್ಟಿಯನ್ನು ಅವನು ಮಲಗುವಾಗಲೂ ಬಿಚ್ಚುವುದಿಲ್ಲವಂತೆ.

"ಹೌದು, ಕಿಟಕಿ ಹಾರಿ ಹೋಗಿದ್ದೆ," ಎಂದ, ಬೆವರುತ್ತ. "ಅಳತೆ ತಗೊಳ್ಳೋಕೆ. ಆ ಪೆಟ್ಟಿಗೆಗೆ ಮೊಳೆ ಇಲ್ಲ, ಗೋಂದು ಇಲ್ಲ. ಹೊರಗಡೆ ಬರೀ ಒಂದು ಗೆರೆ. ಒಳಗೆ ಹೇಗೆ ಕೂಡಿಸಿದ್ದಾಳೆ ಅಂತ ವಾರದಿಂದ ತಲೆ ಕೆಟ್ಟುಹೋಗಿತ್ತು ಅಕ್ಕ. ನಾನು ನೋಡಿದಾಗಲೇ ಮೂಲೆ ಇರಲಿಲ್ಲ."

"ಯಾಕೆ ಬಾಯಿಬಿಡಲಿಲ್ಲ?"

"ಜಾಗ ನನಗೇ ತಾನೆ ಬರೋದು? ಯಾರು ನಂಬ್ತಾರೆ?"

ಫೈಲಮ್ಮ ಅತಿಥಿಯ ಎರಡನೆಯ ಗರಗಸವನ್ನು ಅವನ ಕೈಗಿಟ್ಟಳು. "ಈ ತುಂಡು ಕೊಯ್ಯಿ."

"ಎಷ್ಟಕ್ಕೆ?"

"ಅಳತೆ ಹಾಳಾಗಲಿ. ಕೊಯ್ಯಿ."

ಟೇಪು ಯೋಚಿಸಲಿಲ್ಲ. ಎಳೆದ.

ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದಳು. ಎಲ್ಲರೂ ಎಳೆದರು. ಮೂರು ತಿಂಗಳಿಂದ ದಿನಾ ಬೆಳಗ್ಗೆ ಅತಿಥಿ ಅವರಿಗೆ ಅದನ್ನೇ ಕಲಿಸಿದ್ದ. ಗಾಬರಿಯಲ್ಲೂ ಅವರ ಕೈ ಮರೆತಿರಲಿಲ್ಲ.

"ಅತಿಥಿಯ ಪಾಠಕ್ಕೆ ಬಾರದವರು ಯಾರು?" ಎಂದು ಕೇಳಿದಳು.

"ನಮಗೆ ಮರಗೆಲಸ ಕಲಿಸೋ ಮೇಷ್ಟ್ರು ಮಾತ್ರ," ಎಂದ ಟೇಪು. "ನಲವತ್ತು ವರ್ಷ ತಳ್ಳಿದ ಕೈ, ಈಗ ಎಳೆಯೋಕೆ ಹೇಳ್ಬೇಡಿ ಅಂತ ಎದ್ದು ಹೋಗ್ತಿದ್ರು."

*

ಪೆಟ್ಟಿಗೆ ಮಾಡಿದ ಹುಡುಗಿ ನಲ್ಲಿಯ ಹತ್ತಿರ ಕುಳಿತು ಉಳಿ ಮಸೆಯುತ್ತಿದ್ದಳು. ಮೇಷ್ಟ್ರ ಅಕ್ಕನ ಮಗಳು. ಮಾತು ಕಮ್ಮಿ.

"ಯಾರು ಮಾಡಿದ್ರು ಅಂತ ನೀನು ಕೇಳಲೇ ಇಲ್ಲ," ಎಂದಳು ಫೈಲಮ್ಮ.

"ಕೇಳಿದ್ರೆ ಮೂಲೆ ಬರುತ್ತಾ ಅಕ್ಕ? ನನ್ನ ಬದಲು ಟೇಪು ಹೋಗಲಿ ಬಿಡಿ."

"ಆ ಹುಡುಗನ್ನ ನಾಳೆ ಕಳ್ಳನ ಹಾಗೆ ವಾಪಸ್ ಕಳಿಸ್ತಾರೆ."

ಮಸೆಯುವ ಕಲ್ಲಿನ ಮೇಲೆ ಉಳಿ ನಿಂತಿತು.

"ಮೇಷ್ಟ್ರು ಮಾಡಿದ್ದು ಅಂತಾರಲ್ಲ, ಪ್ರಿನ್ಸಿಪಾಲರ ಹೊಸ ಕುರ್ಚಿ, ಅದರ ಕೆತ್ತನೆ ಚೆನ್ನಾಗಿದೆ. ನಿನ್ನ ಕೈ ಅಲ್ವಾ?"

"ಅಲ್ಲ. ಮಾವನದು." ಉತ್ತರ ತೀರಾ ಬೇಗ ಬಂತು. ಅವಳ ಕಣ್ಣು ತುಂಬಿಕೊಂಡಿತು.

ಫೈಲಮ್ಮ ತನ್ನ ಕೋಣೆಗೆ ಹೋಗಿ ಹುಡುಗಿಯ ಫೈಲು ತೆಗೆದಳು. ಮೂರನೆಯ ಹಾಳೆ, ಮೇಷ್ಟ್ರ ಶಿಫಾರಸು. ಸಹಿಯ ಜಾಗದಲ್ಲಿ ರಬ್ಬರ್ ಮುದ್ರೆ. ಶಾಯಿಯ ಸಹಿಯೇ ಬೇಕೆಂದು ಎರಡು ಸಲ ವಾಪಸ್ಸು ಕಳಿಸಿದ್ದಳು. ಎರಡು ಸಲವೂ ಮುದ್ರೆಯೇ ಬಂದಿತ್ತು. ಸೋಮಾರಿತನವೆಂದು ಬೈದುಕೊಂಡಿದ್ದಳು.

ಕುರ್ಚಿಯಲ್ಲಿ ಕುಳಿತಳು. ಏಳಲು ಮನಸ್ಸಾಗಲಿಲ್ಲ. ಮೂರೂಕಾಲು ಆಗಿತ್ತು. ಎದ್ದಳು.

*

ಮೇಷ್ಟ್ರ ಮೇಜಿನ ಮೇಲಿದ್ದ ಟೀ ಕೆನೆಗಟ್ಟಿತ್ತು. ಅವರು ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಕುಳಿತಿದ್ದರು. ಪ್ರಿನ್ಸಿಪಾಲರು, ಹುಡುಗಿ, ಅತಿಥಿ ಬಾಗಿಲ ಬಳಿ ನಿಂತರು.

"ಮೇಷ್ಟ್ರೇ, ಟೀ ಕುಡೀರಿ," ಎಂದಳು ಫೈಲಮ್ಮ.

ಅವರು ಲೋಟ ಮುಟ್ಟಲಿಲ್ಲ.

"ಮಾಡಿದವರು ಮೊದಲು ಅತಿಥಿಯ ಗರಗಸ ತಗೊಂಡ್ರು, ತಪ್ಪು ಅವನ ತಲೆ ಮೇಲೆ ಬೀಳಲಿ ಅಂತ. ಆದ್ರೆ ಅಭ್ಯಾಸಬಲ, ತಳ್ಳಿದ್ರು. ಅಲಗು ಮಡಿಚಿತು. ಆಮೇಲೆ ನಮ್ಮ ದಪ್ಪ ಗರಗಸದಿಂದ ಮುಗಿಸಿದ್ರು. ಅತಿಥಿಯಾಗಿದ್ರೆ ತಳ್ತಿರಲಿಲ್ಲ. ವಿದ್ಯಾರ್ಥಿಗಳೂ ತಳ್ಳಲ್ಲ, ಪರೀಕ್ಷೆ ಮಾಡಿದೆ."

"ಅಷ್ಟಕ್ಕೇ ಮೇಷ್ಟ್ರು ಅಂತೀರಾ?" ಪ್ರಿನ್ಸಿಪಾಲರು ಹೌಹಾರಿದರು.

"ಅಷ್ಟಕ್ಕೇ ಅಲ್ಲ ಸಾರ್. ಪಕ್ಕದಲ್ಲೇ ಸುತ್ತಿಗೆ ಇತ್ತು. ಎರಡೇಟಿಗೆ ಕೆಲಸ ಮುಗೀತಿತ್ತು. ಮರದ ಮೇಲೆ ಸುತ್ತಿಗೆ ಎತ್ತೋಕೆ ಇವರಿಗೆ ಮನಸ್ಸು ಬರಲಿಲ್ಲ. ಕೊಯ್ದ ತುಂಡನ್ನೂ ಜೋಪಾನವಾಗಿ ಒಳಗಿಟ್ರು." ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಈ ಅಲೆ ನೋಡಿ. ಅವಸರ ಅಂದ್ಕೊಂಡಿದ್ದೆ. ಆಮೇಲೆ ಶಿಫಾರಸಿನ ಹಾಳೆ ನೋಡಿದೆ. ಇವರ ಸಹಿ ಇಲ್ಲ, ಮುದ್ರೆ. ಮೇಷ್ಟ್ರೇ, ಕೈ ಯಾವಾಗಿಂದ ನಡುಗ್ತಿದೆ?"

ಮೇಷ್ಟ್ರು ಕೈಗಳನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಲೋಟ ಸಣ್ಣಗೆ ಸದ್ದು ಮಾಡತೊಡಗಿತು.

"ಒಂದೂವರೆ ವರ್ಷ," ಎಂದರು. "ನನ್ನ ಹೆಸರಿನ ಕೆಲಸವೆಲ್ಲ ಇವಳದೇ. ಇವಳು ಹೋದ್ರೆ ತಿಂಗಳೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ಕೈ ಇಲ್ಲದ ಬಡಗಿಯನ್ನ ಯಾರು ಇಟ್ಕೋತಾರೆ?"

"ನೀವು ಒಂದು ಮಾತು ಹೇಳಿದ್ರೆ ನಾನು ಹೋಗ್ತಿರಲಿಲ್ಲ ಮಾವ," ಎಂದಳು ಹುಡುಗಿ.

"ಅದಕ್ಕೇ ಹೇಳಲಿಲ್ಲ. ನನಗೋಸ್ಕರ ನೀನೇ ಬಿಟ್ಟುಕೊಟ್ಟ ಹಾಗಾಗ್ತಿತ್ತು."

"ಈ ಹುಡುಗ ಏನು ಮಾಡಿದ್ದ ನಿಮಗೆ?" ಎಂದಳು ಫೈಲಮ್ಮ.

ಮೇಷ್ಟ್ರು ಅತಿಥಿಯ ಕಡೆ ನೋಡಲಿಲ್ಲ. "ಹೇಗೂ ಹೋಗುವವನಲ್ವಾ ಅಂದ್ಕೊಂಡೆ."

*

ನಾಲ್ಕು ಗಂಟೆಗೆ ಪಾಲುದಾರ ಕಾಲೇಜಿನ ಇಬ್ಬರೂ ಬಂದರು. ಪೆಟ್ಟಿಗೆಯನ್ನು ಬೀರುವಿನಲ್ಲಿ ಬಚ್ಚಿಡಿ ಎಂದರು ಪ್ರಿನ್ಸಿಪಾಲರು. ಹುಡುಗಿ ಕೇಳಲಿಲ್ಲ. ತಾನೇ ಎತ್ತಿಕೊಂಡು ಬಂದು ಮುಂದಿಟ್ಟಳು. ಮುಚ್ಚಳ ತೆಗೆದು, ಕೊಯ್ದ ಪಟ್ಟಿಯನ್ನು ಬಂದವರಲ್ಲಿ ಹಿರಿಯಳ ಕೈಗೆ ಕೊಟ್ಟಳು.

ಹಿರಿಯಳು ಕನ್ನಡಕ ಹಾಕಿಕೊಂಡಳು. ಹೊರಗಿನಿಂದ ಒಂದೇ ಗೆರೆಯಾಗಿದ್ದ ಮೂಲೆಯ ಹೊಟ್ಟೆ ಈಗ ಬಯಲಾಗಿತ್ತು. ಮರದ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿದ್ದವು. ಅವಳು ಸಂದಿಗೆ ಉಗುರು ತೂರಿಸಲು ನೋಡಿದಳು. ಹೋಗಲಿಲ್ಲ. ಟೇಪು ಕತ್ತು ಚಾಚಿ ನೋಡಿ, "ಓಹ್, ಹೀಗಾ!" ಎಂದು ತಲೆ ಚಚ್ಚಿಕೊಂಡ.

ಹಿರಿಯಳು ಏನೋ ಹೇಳಿದಳು. ಅತಿಥಿ ಫೈಲಮ್ಮನ ಕಡೆ ತಿರುಗಿದ.

"ಅಣ್ಣ, ಮೂಲೆ ಇದ್ದಿದ್ರೆ ಮೊಳೆ ಗೋಂದು ಇಲ್ಲ ಅನ್ನೋ ಇವಳ ಮಾತು ನಂಬಬೇಕಿತ್ತಂತೆ. ಈಗ ನಂಬೋದು ಬೇಡ, ಕಾಣುತ್ತೆ ಅಂತಾರೆ. ಜಾಗ ಇವಳದೇ."

ಫೈಲಮ್ಮ ಅವನನ್ನು ತಿದ್ದಲಿಲ್ಲ. ಶಿಫಾರಸಿನ ಆ ಮೂರನೆಯ ಹಾಳೆಯನ್ನು ತೆಗೆದು ಮೇಷ್ಟ್ರ ಮುಂದಿಟ್ಟಳು. ಪೆನ್ನು ಕೊಟ್ಟಳು.

ಮೇಷ್ಟ್ರು ಒಮ್ಮೆ ಸುತ್ತಲಿದ್ದವರನ್ನು ನೋಡಿದರು. ಹನ್ನೆರಡು ವಿದ್ಯಾರ್ಥಿಗಳು, ಇಬ್ಬರು ಪರದೇಶದವರು, ಪ್ರಿನ್ಸಿಪಾಲರು. ಪೆನ್ನು ಹಿಡಿದರು. ಹುಡುಗಿ ಅಭ್ಯಾಸದಂತೆ ಅವರ ಮಣಿಕಟ್ಟಿಗೆ ಕೈ ಚಾಚಿದಳು. ಅವರು ಬೇಡವೆಂದು ತಲೆಯಾಡಿಸಿದರು. ಎಲ್ಲರೆದುರು, ಬಹಳ ನಿಧಾನವಾಗಿ ಸಹಿ ಮಾಡಿದರು. ಅಕ್ಷರಗಳು ಕೊಯ್ತದ ಕೆಳಭಾಗದ ಹಾಗೆ ಅಲೆಅಲೆಯಾಗಿ ಗೆರೆಯ ಹೊರಗೆ ಹೋದವು.

ಫೈಲಮ್ಮ ಶಾಯಿ ಒಣಗುವವರೆಗೆ ಕಾದು ಹಾಳೆಯನ್ನು ಫೈಲಿಗೆ ಸೇರಿಸಿದಳು. ನಲವತ್ತೆರಡನೆಯದು. ಮೇಷ್ಟ್ರಿಗೆ ಕೊಡಬೇಕಾದ ವಿಚಾರಣೆಯ ನೋಟೀಸನ್ನೂ ಸಂಜೆಯೊಳಗೆ ಅವಳೇ ಟೈಪು ಮಾಡಬೇಕಿತ್ತು.