ಹುಲ್ಲಿನ ಮೇಲೆ ಹಳದಿ ಹೆಜ್ಜೆ

ಹುಲ್ಲು ಒಣಗಿತೆಂದು ಒಬ್ಬ ಮನುಷ್ಯನನ್ನು ವಿಮಾನ ಹತ್ತಿಸಿ ಊರಿಗೆ ಅಟ್ಟುತ್ತಾರೆಂದರೆ ಯಾರೂ ನಂಬಲಿಕ್ಕಿಲ್ಲ. ಆ ಬೆಳಿಗ್ಗೆ ಪ್ರಿಯನ್ ಬಂದು ಚಾಮುಂಡೇಶ್ವರಿ ಮೇಡಂ ಅವರ ಬಾಗಿಲಲ್ಲಿ ನಿಲ್ಲುವವರೆಗೆ ನಾನೂ ನಂಬುತ್ತಿರಲಿಲ್ಲ.

“ವೀಸಾ ಕ್ಯಾನ್ಸಲ್ ಮಾಡಿಸ್ತಾರಂತೆ ಮೇಡಂ. ನಾನೇ ಮದ್ದು ಬಿಟ್ಟು ಹುಲ್ಲು ಕೊಂದದ್ದಂತೆ. ನಾಳೆ ಸಂಜೆ ಮೀಟಿಂಗ್, ಮತ್ತೆ ಖಲಾಸ್,” ಎಂದ ಪ್ರಿಯನ್.

ಅಬುಧಾಬಿಯ ಬನಿಯಾಸ್‌ನಲ್ಲಿ ನಮ್ಮದು ಎಂಟು ವಿಲ್ಲಾಗಳ ಕಾಂಪೌಂಡ್. ನಡುವೆ ಎಲ್ಲರಿಗೂ ಸೇರಿದ ಹುಲ್ಲುಹಾಸು. ಮೇಡಂ ಮೈಸೂರಿನವರು, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನ ಮುಖ್ಯಸ್ಥೆ. ನಮ್ಮ ಕಾಂಪೌಂಡಿನಲ್ಲಿ ಏನೇ ಕಳೆದುಹೋದರೂ, ಯಾರೇ ಸುಳ್ಳು ಹೇಳಿದರೂ ಕೊನೆಗೆ ಪತ್ತೆ ಹಚ್ಚುವವರು ಅವರೇ. ಅವರ ಪಕ್ಕದ ಮನೆಯ ರೇಮಂಡ್ ನಾನು, ಮಂಗಳೂರಿನವನು, ಹೋಟೆಲೊಂದರ ಖರೀದಿ ವಿಭಾಗದಲ್ಲಿದ್ದೇನೆ. ಅವರಿಗೆ ತಾಳ್ಮೆಯಿದೆ, ನನಗೆ ಕಾರು ಮತ್ತು ಸಿಟ್ಟು ಇವೆ. ಹೀಗಾಗಿ ನಮ್ಮ ಜೋಡಿ ನಡೆದುಕೊಂಡು ಬಂದಿದೆ.

ಪ್ರಿಯನ್ ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿದವನು, ನಮ್ಮ ಕಾಂಪೌಂಡಿನ ತೋಟದ ಉಸ್ತುವಾರಿ. ಇನ್ನೊಂದು ವಿಲ್ಲಾದ ಐಟಿ ಮ್ಯಾನೇಜರ್ ಗುರುದತ್ತ ಕೆನಡಾದಲ್ಲಿ ಇದ್ದು ಬಂದವರು. ಅಲ್ಲಿನ ಮನೆಗಳ ಮುಂದಿರುವಂಥ ಹುಲ್ಲೇ ಇಲ್ಲೂ ಬೇಕೆಂದು ಹಟ ಹಿಡಿದಿದ್ದರು. ಇಲ್ಲಿ ವರ್ಷವಿಡೀ ಇರುವ ಹುಲ್ಲು ನಮ್ಮ ಊರಿನ ಗರಿಕೆಯೇ, ಚಳಿಗಾಲಕ್ಕೆ ಅದು ಮಂಕಾಗುತ್ತದೆ. ಪ್ರಿಯನ್ ಅದನ್ನು ಗಿಡ್ಡಕ್ಕೆ ಕತ್ತರಿಸಿ, ನೆಲಕ್ಕೆ ಗಾಳಿಯಾಡಲು ತೂತು ಹೊಡೆದು, ಮೇಲೆ ಚಳಿ ದೇಶದ ರೈ ಹುಲ್ಲಿನ ಬೀಜ ಚೆಲ್ಲಿದ್ದ. ಆ ಹುಲ್ಲನ್ನು ಬೋಳಿಸಬಾರದು, ಎತ್ತರಕ್ಕೇ ಕತ್ತರಿಸಬೇಕು, ಬೇರು ಕೆಳಗಿಳಿಯುವಂತೆ ನೀರನ್ನು ಅಪರೂಪಕ್ಕೆ, ಆದರೆ ಹೊಟ್ಟೆ ತುಂಬ ಕೊಡಬೇಕು, ಕಳೆಗೆ ಮದ್ದು ಬಿಟ್ಟಲ್ಲಿ ತುಳಿದು ಬಂದರೆ ಹೆಜ್ಜೆ ಬಿದ್ದ ಹುಲ್ಲೂ ಸಾಯುತ್ತದೆ ಎಂದು ನಮಗೆಲ್ಲ ಪಾಠ ಹೇಳುತ್ತಿದ್ದ. ಜನವರಿಯ ಹೊತ್ತಿಗೆ ಕಾಂಪೌಂಡು ಹಸಿರು ಮಖಮಲ್ಲಾಗಿತ್ತು. ಕಾಂಪೌಂಡಿನ ಅರಬ್ ಮಾಲೀಕರು ನೋಡಿ ಮೆಚ್ಚಿದರೆ ಪ್ರಿಯನ್‌ಗೆ ಬಡ್ತಿ, ಅದರ ಜತೆ ಹೆಂಡತಿ ಮಗ್ದಲೀನ್ ಮತ್ತು ಮಗಳಿಗೆ ಫ್ಯಾಮಿಲಿ ವೀಸಾ ಎಂದು ಮಾತಾಗಿತ್ತು. ಮಗಳು ಹುಟ್ಟಿದ ಮೇಲೆ ಅವನು ಅವಳನ್ನು ಫೋನಿನಲ್ಲಿ ಮಾತ್ರ ನೋಡಿದ್ದ.

ಮಾಲೀಕರು ಬರುವ ಮುಂಚೆಯೇ ನಡುವಿನ ಹುಲ್ಲೆಲ್ಲ ಬೈಹುಲ್ಲಿನ ಬಣ್ಣಕ್ಕೆ ತಿರುಗಿತು.

ನಾವು ಹೋದಾಗ ಗುರುದತ್ತ ಅಲ್ಲೇ ಹಲ್ಲು ಕಡಿಯುತ್ತಾ ನಿಂತಿದ್ದರು. ಮಾಡಿದವನು ಇನ್ನು ಈ ದೇಶದಲ್ಲಿ ಕಾಲಿಡದಂತೆ ಮಾಡುತ್ತೇನೆಂದರು. ಅವರ ಬೆರಳು ತೋರಿಸಿದ್ದು ಸತ್ತ ಹುಲ್ಲಿನ ಸುತ್ತ ಉಳಿದ ಹಸಿರು ಪಟ್ಟಿಯ ಕಡೆಗೆ. ಅದರ ಮೇಲೆ ಹಳದಿ ಹೆಜ್ಜೆಗಳು ಒಂದರ ಹಿಂದೊಂದು ಮೂಡಿ, ನೇರ ಪ್ರಿಯನ್‌ನ ಸಾಮಾನಿನ ಶೆಡ್ಡಿಗೆ ಹೋಗಿದ್ದವು. ಅವನ ಗಮ್‌ಬೂಟಿನ ಅಚ್ಚೇ. ಕಳೆನಾಶಕದಲ್ಲಿ ತೊಯ್ದ ಬೂಟು ಎಲ್ಲಿ ಊರಿತೋ ಅಲ್ಲಿನ ಹುಲ್ಲೂ ಸತ್ತಿತ್ತು.

ಮೇಡಂ ಸೀರೆ ಎತ್ತಿ ಕಟ್ಟಿ ಪಟ್ಟಿಯ ಉದ್ದಕ್ಕೂ ಬಗ್ಗಿಕೊಂಡೇ ನಡೆದರು. ಗೇಟಿನ ಕಡೆಗೆ ಇನ್ನೊಂದು ಸಾಲು ಸಿಕ್ಕಿತು, ಓರೆ ಗೆರೆಗಳ ದಪ್ಪ ಬೂಟು. ಕಾವಲಿನ ಅಬ್ಬಾಸ್ ಅದನ್ನು ನೋಡಿದ್ದೇ, ಇದು ದುಬೈಯ ರಾಸ್ ಅಲ್ ಖೋರ್‌ನ ಮೆಲ್ವಿನ್‌ನದು ಎಂದ. ನಮ್ಮ ತೋಟದ ಗುತ್ತಿಗೆಗೆ ಬಾಯಿ ಬಿಡುತ್ತಿದ್ದವನು ಮೆಲ್ವಿನ್. ಅವನು ಒಳಗೆ ಬಂದದ್ದು ಒಂದೇ ಸಲ, ಸಂಕ್ರಾಂತಿಯ ಮರುದಿನ ಬೆಳಿಗ್ಗೆ, ಹುಲ್ಲನ್ನು ತುಳಿದು ಮೂಸಿ ನೋಡಿ ಹೋಗಿದ್ದ. ನನಗೆ ಖುಷಿಯಾಯಿತು. ಮೆಲ್ವಿನ್ ಒಮ್ಮೆ ನನ್ನ ಪಾರ್ಕಿಂಗಿನಲ್ಲಿ ಪಿಕಪ್ ನಿಲ್ಲಿಸಿ ನನಗೇ ಜೋರು ಮಾಡಿದ್ದ. ಅವನನ್ನು ಹಿಡಿದುಕೊಡುವ ಭಾಗ್ಯ ಸಿಕ್ಕಿತೆಂದು ಕೈ ತುರಿಸಿತು.

ಮೇಡಂ ಉಳಿದ ಮನೆಗಳ ಮುಂದೆಯೂ ಹೋದರು. ವೆಂಕಟರಾಮಯ್ಯನವರ ಬಾಗಿಲ ಮುಂದೆ ಹಸಿರು ಒಂದಿಷ್ಟೂ ಮಾಸಿರಲಿಲ್ಲ, ಒಂದು ಹೆಜ್ಜೆಯೂ ಇರಲಿಲ್ಲ. ಆದರೂ ಅಲ್ಲೇ ಬಹಳ ಹೊತ್ತು ನಿಂತರು. ಏನೂ ಇಲ್ಲದ ಕಡೆ ಏನು ನೋಡುವುದೆಂದು ನಾನು ಅವಸರ ಮಾಡಿದೆ. ವೆಂಕಟರಾಮಯ್ಯನವರು ನಮ್ಮ ನಿವಾಸಿಗಳ ಸಮಿತಿಯ ಅಧ್ಯಕ್ಷರು, ಅವರೂ ಮೈಸೂರಿನವರು, ಹೆಂಡತಿಯನ್ನು ಕಳೆದುಕೊಂಡ ಸಾತ್ವಿಕ ಮನುಷ್ಯ. ದಿನಾ ಬೆಳಿಗ್ಗೆ ಮನೆಯಿಂದ ಬರಿಗಾಲಲ್ಲಿ ಬಂದು ಇಬ್ಬನಿಯ ಹುಲ್ಲಿನ ಮೇಲೆ ನಡೆಯುವರು, ಕಣ್ಣಿಗೆ ಒಳ್ಳೆಯದಂತೆ. ಸಂಕಷ್ಟಿ ಬಂದರೆ ಅದೇ ಹುಲ್ಲಿನ ನಡುವಿನಿಂದ ಗರಿಕೆ ಆರಿಸಿ ಗಣಪತಿಗೆ ಏರಿಸಿ, ಕ್ಯಾಥೊಲಿಕರಾದ ನಮಗೂ ಮೋದಕ ಕಳಿಸುವರು.

ಶೆಡ್ಡಿನ ಬಳಿ ಪ್ರಿಯನ್ ಒಂದು ಕುಂಡಕ್ಕೆ ನೀರು ಹಾಕುತ್ತಿದ್ದ. ಗಿಡದ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಕೆಲಸ ಹೋಗುವ ಹೊತ್ತಿಗೆ ಇದೆಂಥ ಚಾಕರಿ ಮಾರಾಯ ಎಂದು ಗದರಿದೆ. ಮೇಡಂ ಒಂದು ಎಲೆ ಕಿತ್ತು, ಇದೇನು ಗಿಡವೆಂದು ಕೇಳಿದರು.

“ಹೀಗೇ ಒಂದು ಮೇಡಂ. ಹೂ ಬಿಡ್ಲಿ, ಮತ್ತೆ ಹೇಳ್ತೇನೆ,” ಎಂದು ಅವನು ಮುಖ ತಿರುಗಿಸಿದ.

ಕಳೆನಾಶಕ ಇರುವ ಆ ಶೆಡ್ಡಿನ ಇನ್ನೊಂದು ಕೀಲಿ ಸಮಿತಿಯ ಕೋಣೆಯಲ್ಲಿ ನೇತಾಡುತ್ತದೆ, ನಿವಾಸಿಗಳು ಯಾರು ಬೇಕಾದರೂ ತೆಗೆಯಬಹುದು ಎಂಬುದೂ ಅವನಿಂದ ತಿಳಿಯಿತು. ಸಂಜೆ ಮೇಡಂ ನಮ್ಮ ಮನೆಗೆ ಬಂದು, ನನ್ನನ್ನು ಬಿಟ್ಟು ನನ್ನ ಹೆಂಡತಿ ಡೆಬೊರಾಳೊಡನೆ ಹರಟಿದರು. ಈ ಸಲದ ಸಂಕಷ್ಟಿಯ ಮಾತು ಬಂತು. ಅಂದು ವೆಂಕಟರಾಮಯ್ಯನವರ ತಟ್ಟೆ ವಾಪಸು ಕೊಡಲು ಡೆಬೊರಾ ಹೋಗಿದ್ದಳಂತೆ.

“ಪಾಪ, ಗರಿಕೆ ದುಬೈಯಿಂದ ತರ್ಸಿದ್ರು. ಪ್ಲಾಸ್ಟಿಕ್ ಪ್ಯಾಕೆಟಲ್ಲಿ ಇತ್ತು,” ಎಂದಳು ಡೆಬೊರಾ.

ಮೇಡಂ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನ ಸಂಜೆ ಗುರುದತ್ತರ ಹಜಾರದಲ್ಲಿ ಎಲ್ಲರೂ ಸೇರಿದರು. ಮೇಡಂ ಮೆಲ್ವಿನ್‌ನನ್ನೂ ಕರೆಸಿದ್ದರು, ಅವನು ಬಾಗಿಲ ಬಳಿ ಉರಿಮುಖದಲ್ಲಿ ಕೂತಿದ್ದ. ಪ್ರಿಯನ್ ಗೋಡೆಗೆ ಒರಗಿ ನಿಂತಿದ್ದ. ವೆಂಕಟರಾಮಯ್ಯನವರು ಪ್ರಿಯನ್ ಮೇಲಿನ ದೂರನ್ನು ಓದಲು ಕನ್ನಡಕ ಏರಿಸಿದಾಗ ಮೇಡಂ ತಡೆದರು.

“ಯಾವತ್ತು ಸಿಂಪಡಿಸಿದ್ದು ಅನ್ನೋದು ಮೊದಲು ಗೊತ್ತಾಗ್ಲಿ,” ಎಂದರು ಅವರು. “ಈ ಔಷಧಿ ಹೊಡೆದ ತಕ್ಷಣ ಹುಲ್ಲು ಒಣಗಲ್ಲ, ವಾರ ಬೇಕು. ಮೆಲ್ವಿನ್ ಬಂದಿದ್ದು ಸಂಕ್ರಾಂತಿ ಮಾರನೇ ದಿನ ಮಾತ್ರ. ಅವರ ಹೆಜ್ಜೆ ಹಳದಿಯಾಗಿದೆ ಅಂದ್ರೆ ಆವತ್ತು ಬೆಳಿಗ್ಗೆಗೇ ಹುಲ್ಲಿನ ಮೇಲೆ ವಿಷ ಇತ್ತು, ಇಬ್ಬನಿಯಲ್ಲಿ ಹಸಿಯಾಗೇ ಇತ್ತು. ಹಿಂದಿನ ಸಂಜೆವರೆಗೆ ಮಕ್ಕಳು ಅಲ್ಲೇ ಆಡ್ತಿದ್ರು, ಒಂದು ಮಗುವಿನ ಹೆಜ್ಜೆಯೂ ಹಳದಿಯಾಗಿಲ್ಲ. ಹಾಗಾಗಿ ಸಂಕ್ರಾಂತಿ ರಾತ್ರಿ ನಾವೆಲ್ಲ ಇದೇ ಹಜಾರದಲ್ಲಿ ಎಳ್ಳು-ಬೆಲ್ಲ ತಿನ್ನೋವಾಗ ಕೆಲಸ ನಡೆದಿದೆ.”

ಪ್ರಿಯನ್‌ನ ಹೆಜ್ಜೆಗಳ ವಿಷಯವೇನೆಂದು ಗುರುದತ್ತ ಕೇಳಿದರು. ಮೇಡಂ ಹೇಳಿದ್ದು ಸರಳವಾಗಿತ್ತು. ಮದ್ದು ಬಿಟ್ಟವನಿಗೆ ಅಂಟಿದ ಮದ್ದು ಹೆಜ್ಜೆಯಲ್ಲಿ ಕಾಣುತ್ತದೆಂದು ಗೊತ್ತು. ಪ್ರಿಯನ್ ಅದನ್ನು ನಮಗೇ ಕಲಿಸಿದವನು. ಗೊತ್ತಿದ್ದವನು ಹಿಂದೆ ಹಿಂದೆ ಸರಿಯುತ್ತಾ ಸಿಂಪಡಿಸಿ ಕಲ್ಲುಹಾದಿಗೆ ಇಳಿದು ಹೋಗುತ್ತಾನೆ, ಪಟ್ಟಿಯನ್ನು ತುಳಿಯುವುದಿಲ್ಲ. ಹಳದಿ ಹೆಜ್ಜೆ ಬಿಟ್ಟವರು ಏನೂ ತಿಳಿಯದೆ ನಡೆದವರು, ಪ್ರಿಯನ್ ಮತ್ತು ಮೆಲ್ವಿನ್ ಇಬ್ಬರೂ. ನನ್ನ ಮೆಲ್ವಿನ್ ಹೀಗೆ ಕೈ ಜಾರಿದ. ಅವನು ನನ್ನ ಕಡೆ ನೋಡಿ ನಕ್ಕ.

“ಹಾಗಾದ್ರೆ ಹುಡುಕಬೇಕಾದ್ದು ಇರಲೇಬೇಕಾದ, ಆದರೆ ಇಲ್ಲದ ಹೆಜ್ಜೆನ,” ಎಂದರು ಮೇಡಂ. “ದಿನಾ ಬರಿಗಾಲಲ್ಲಿ ಪಟ್ಟಿ ದಾಟಿ ಹುಲ್ಲಿಗೆ ಹೋಗಿ, ಅದೇ ದಾರೀಲಿ ಮನೆಗೆ ಬರೋರು ಒಬ್ಬರಿದ್ದಾರೆ. ಆ ರಾತ್ರಿ ಅವರು ಎಳ್ಳು-ಬೆಲ್ಲಕ್ಕೆ ಬರಲಿಲ್ಲ, ಆವತ್ತಿಂದ ಹುಲ್ಲಿನ ಮೇಲೆ ನಡೆದೇ ಇಲ್ಲ. ಎರಡು ದಿನ ಬಿಟ್ಟು ಸಂಕಷ್ಟಿ. ಹುಲ್ಲು ಇನ್ನೂ ಹಸಿರಾಗಿತ್ತು, ನಮಗ್ಯಾರಿಗೂ ಅನುಮಾನ ಇರಲಿಲ್ಲ. ಅವರು ಮಾತ್ರ ಬಾಗಿಲ ಮುಂದಿನ ಗರಿಕೆ ಬಿಟ್ಟು ದುಬೈಯಿಂದ ತರಿಸಿದ್ರು. ಯಾಕೆ ರಾಯರೇ?”

ವೆಂಕಟರಾಮಯ್ಯನವರು ಕನ್ನಡಕ ತೆಗೆದು ಒರೆಸಿದರು. ಅಲ್ಲಗಳೆಯಲು ಹೋಗಲಿಲ್ಲ.

“ದೇವರಿಗೆ ವಿಷದ ಗರಿಕೆ ಏರಿಸೋಕೆ ಕೈ ಬರಲಿಲ್ಲಮ್ಮ,” ಎಂದರು. “ಆ ಮೂಲೇಲಿ ನಮ್ಮ ತುಂಗಾ ಮೈಸೂರಿಂದ ಒದ್ದೆ ಬಟ್ಟೇಲಿ ಸುತ್ತಿ ತಂದು ನೆಟ್ಟ ಮಲ್ಲಿಗೆ ಇತ್ತು. ಅವಳ ವರ್ಷದ ಶ್ರಾದ್ಧಕ್ಕೆ ಊರಿಗೆ ಹೋಗಿ ಬರೋದ್ರೊಳಗೆ ಹುಲ್ಲಿಗೆ ಜಾಗ ಬೇಕು ಅಂತ ಕಿತ್ತು ಹಾಕಿದ್ರಿ. ನೀವೆಲ್ಲ ಕೈ ಎತ್ತಿದವರೇ. ಈ ಪ್ರಿಯನ್ ಕಿತ್ತವನು. ನಿಮ್ಮ ಹುಲ್ಲು ಚೆನ್ನಾಗಿ ಬೆಳೀಲಿ, ಆಮೇಲೆ ನೋಡ್ಕೋತೀನಿ ಅಂತ ಕಾದೆ. ಅವನು ಊರಿಗೆ ಹೋದ್ರೆ ಹೋಗ್ಲಿ, ನನಗೇನು ದುಃಖ ಇಲ್ಲ.”

ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆದರೂ ಆ ಕೊನೆಯ ಮಾತಿಗೆ ನನ್ನ ರಕ್ತ ಕುದಿಯಿತು. ಇವರ ವೀಸಾ ರದ್ದಾಗಬೇಕು, ಇಂದೇ ಆಗಬೇಕು ಎಂದು ಎದ್ದು ನಿಂತೆ. ಮೇಡಂ ಕಣ್ಣಲ್ಲೇ ಕೂರಿಸಿ, ಪ್ರಿಯನ್‌ಗೆ ಕುಂಡ ತರಲು ಹೇಳಿದರು. ಅವನು ಬೇಡವೆಂದ. ಮೇಡಂ ಮತ್ತೆ ಹೇಳಿದ ಮೇಲೆ ಹೋಗಿ ತಂದು ನೆಲದ ಮೇಲಿಟ್ಟ. ಎಲೆ ಪೂರ್ತಿ ಉದುರಿ ಕಡ್ಡಿಗಳಷ್ಟೇ ಉಳಿದಿದ್ದವು.

“ಬಿಸಾಡಿರ್ಲಿಲ್ಲ ಸರ್,” ಎಂದ ಪ್ರಿಯನ್. “ಅಮ್ಮನ ಗಿಡ ಅಂತ ಗೊತ್ತಿತ್ತು. ಬೇರು ಸಮೇತ ಕುಂಡಕ್ಕೆ ಹಾಕಿ ಶೆಡ್ಡಿನ ಹತ್ರ ಇಟ್ಟಿದ್ದೆ. ಹೂ ಬಿಟ್ಟ ಮೇಲೆ ಕೊಡುವ ಅಂತ ಇದ್ದೆ. ಮೊಗ್ಗು ಬಂದಿತ್ತು. ಆ ದಿನ ಗಾಳಿ ಶೆಡ್ಡಿನ ಕಡೆಗೇ ಇತ್ತು.”

ವೆಂಕಟರಾಮಯ್ಯನವರು ಕುಂಡದ ಮುಂದೆ ಕುಸಿದು ಕೂತರು. ಕಡ್ಡಿಯೊಂದನ್ನು ಮುಟ್ಟಿದರು, ಅದು ಪಟ್ಟನೆ ಮುರಿಯಿತು.

ಗುರುದತ್ತ ಆ ರಾತ್ರಿಯೇ ಮಾಲೀಕರಿಗೆ ಫೋನ್ ಮಾಡಿ ನಿಜ ಹೇಳಿದರು. ಪ್ರಿಯನ್‌ನ ಕೆಲಸ ಉಳಿಯಿತು. ಮತ್ತೆ ರೈ ಬೀಜ ಚೆಲ್ಲಿ ಹುಲ್ಲು ಚಿಗುರಿದ ಮೇಲೆ ಬಡ್ತಿಯೂ ಬಂತು. ಮಗ್ದಲೀನ್‌ಗೂ ಮಗಳಿಗೂ ಟಿಕೆಟ್ ಆಗಿದೆ. ಪೊಲೀಸಿಗೆ ದೂರು ಕೊಡುತ್ತೀಯಾ ಎಂದು ಅವನನ್ನು ಕೇಳಿದಾಗ ಬೇಡವೆಂದ. ತನಗೆ ಬೇಕಾದದ್ದು ಒಂದೇ, ಆ ಕುಂಡವನ್ನು ವೆಂಕಟರಾಮಯ್ಯನವರು ತಮ್ಮ ಬಾಗಿಲಲ್ಲಿಟ್ಟು ದಿನಾ ನೀರು ಹಾಕಬೇಕು ಎಂದ.

ಎಷ್ಟು ದೊಡ್ಡ ಮನಸ್ಸು, ಕ್ಷಮಿಸಿಬಿಟ್ಟ ಎಂದು ನಾನು ಹೊಗಳಿದೆ.

“ಅದು ಕ್ಷಮೆ ಅಂತ ಯಾರು ಹೇಳಿದ್ದು ರೇಮಂಡ್?” ಎಂದರು ಮೇಡಂ.

ಈಗಲೂ ಬೆಳಿಗ್ಗೆ ಕಾರು ತೆಗೆಯುವಾಗ ನೋಡುತ್ತೇನೆ. ವೆಂಕಟರಾಮಯ್ಯನವರು ಚಪ್ಪಲಿ ಹಾಕಿಕೊಂಡು ತಂಬಿಗೆಯಲ್ಲಿ ನೀರು ತಂದು ಆ ಒಣ ಕಡ್ಡಿಗಳಿಗೆ ಹೊಯ್ಯುತ್ತಾರೆ. ಹುಲ್ಲಿನಾಚೆ ನಿಂತ ಪ್ರಿಯನ್, ಅವರು ಕೊನೆಯ ಹನಿ ಹೊಯ್ಯುವವರೆಗೆ ಕಾದು, ಆಮೇಲೆ ತನ್ನ ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡುತ್ತಾನೆ.