ಷಡಕ್ಷರಿಗೆ ಕೇಳಿಸದ ಲೋಟ

“ರೀ, ನಿಮ್ ಫೋನಿನ ಸ್ಪೀಕರ್ ಹರಿದೋಗಿದೆ. ರಿಪೇರಿ ಮಾಡ್ಸಿ,” ಎಂದು ಗುಬ್ಬಿಯಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಒಂದು ಹೆಣ್ಣುದನಿ ಬಂತು.

“ಹರಿದಿಲ್ಲ ಕಣ್ರೀ. ಹಾಡೇ ಹಂಗಿರೋದು,” ಎಂದ ಷಡಕ್ಷರಿ.

ರಾಗಿ ಮಿಷನ್ನಿನ ಬೆಲ್ಟಿನ ಸದ್ದಿನ ಮೇಲೆ ಯಾರೋ ಆಳುದ್ದದ ಬಿದಿರಿನ ಗಣೆ ಊದಿದ ಹಾಡು ಅದು. ಇಡೀ ಪ್ರಪಂಚದಲ್ಲಿ ಅದನ್ನು ಕೇಳುವವರು ನಲವತ್ತು ಜನರಿದ್ದರೆ ಹೆಚ್ಚು. ಹಿಂದಿನ ಸೀಟಿನವಳು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿಕೊಂಡು ಮಲ್ಲಸಂದ್ರ ದಾಟುವವರೆಗೂ ಕೇಳಿದಳು. ಆಮೇಲೆ, “ಲಿಂಕ್ ಕಳ್ಸಿ,” ಎಂದಳು.

ಅವಳು ಇಂಪನಾ. ಶಿರಾ ಗೇಟ್‌ನ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳಿಗೂ ಅದೇ ಹುಚ್ಚು. ಖಾಲಿ ಡ್ರಮ್ಮಿನೊಳಗೆ ತಲೆಯಿಟ್ಟು ಹಾಡುವವರು, ಬಾವಿಯ ರಾಟೆಗೆ ತಾಳ ಹಾಕುವವರು, ಇಂಥವರನ್ನೇ ಹುಡುಕಿ ಹುಡುಕಿ ಇಟ್ಟುಕೊಂಡಿದ್ದಳು. ಇಬ್ಬರೂ ಒಂದು ನಿಯಮ ಮಾಡಿಕೊಂಡರು. ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ಕೊನೆಯವರೆಗೂ ಕೇಳಿ, ಏನು ಕೇಳಿಸಿತೆಂದು ಬರೆಯಬೇಕು. ಬರೀ ಥಂಬ್ಸ್ ಅಪ್ ಹಾಕಿದರೆ ಒಂದು ವಾರ ಮಾತಿಲ್ಲ.

ಆ ನಿಯಮವೇ ಷಡಕ್ಷರಿಯ ಕುತ್ತಿಗೆಗೆ ಬಂತು.

ಅವನು ಸತ್ಯಮಂಗಲದ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ತಗಡು ಒತ್ತುವ ಪ್ರೆಸ್ ಓಡಿಸುತ್ತಿದ್ದ. ಇಯರ್‌ಪ್ಲಗ್ ಕೊಟ್ಟಿದ್ದರು, ಅದು ಎಂಟು ವರ್ಷವೂ ಶರ್ಟಿನ ಜೇಬಿನಲ್ಲಿ ಸುಖವಾಗಿತ್ತು. ಆ ವರ್ಷ ಕಿವಿ ಪರೀಕ್ಷೆ ಮಾಡಿದ ಡಾಕ್ಟರು, ಮಾತು, ತಮಟೆ ಎಲ್ಲ ಕೇಳುತ್ತದೆ, ಸಣ್ಣ ಚೂಪು ಸದ್ದು ಮಾತ್ರ ಇನ್ನು ಕೇಳುವುದಿಲ್ಲ, ಹೋದದ್ದು ವಾಪಸ್ ಬರುವುದೂ ಇಲ್ಲ ಎಂದರು.

ಅದೇ ವಾರ ಇಂಪನಾ ಜುಂಜಪ್ಪನವರ ಹಾಡು ಕಳಿಸಿದಳು. ಕುಣಿಗಲ್‌ನ ರಿಟೈರಾದ ಬಸ್ ಮೆಕ್ಯಾನಿಕ್. ಪಿಟೀಲಿನ ಕಮಾನು ಹಿಡಿದು ಸ್ಟೀಲ್ ಲೋಟ, ಚೊಂಬು, ತಪ್ಪಲೆಗಳ ಅಂಚು ಉಜ್ಜಿ ನುಡಿಸುವವರು. ‘ಐದನೇ ನಿಮಿಷ ಏನಾಗುತ್ತೆ ಹೇಳಿ’ ಎಂದು ಬರೆದಿದ್ದಳು. ಐದನೇ ನಿಮಿಷದಲ್ಲಿ ಷಡಕ್ಷರಿಗೆ ಏನೂ ಕೇಳಿಸಲಿಲ್ಲ.

ಹಿಂದಕ್ಕೆಳೆದು ಮತ್ತೆ ಹಾಕಿದ, ಆಗಲೂ ಇಲ್ಲ. ತಂಗಿ ಬಿಂದುಶ್ರೀಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ.

“ಏನ್ ಕೇಳ್ತೈತೆ? ಬಿಡಿಸಿ ಹೇಳೇ.”

“ಅತ್ತು ಸುಸ್ತಾದ ಮಗು ನಿದ್ದೇಲಿ ಬಿಕ್ಕತ್ತಲ್ಲಣ್ಣ, ಹಂಗೈತೆ.”

ಅದನ್ನೇ ತನ್ನದೆಂದು ಬರೆದು ಕಳಿಸಿದ. ಉತ್ತರ ತಕ್ಷಣ ಬಂತು: ‘ಮೂರು ಜನಕ್ಕೆ ಕೇಳಿಸಿದ್ದೆ. ಒಬ್ರಿಗೂ ಇದು ಹೊಳೀಲಿಲ್ಲ. ನೀವು ಕೇಳೋ ರೀತಿ ನಂಗೆ ತುಂಬಾ ಇಷ್ಟ.’

ಅಲ್ಲಿಂದ ನಾಲ್ಕು ತಿಂಗಳು ಬಿಂದುಶ್ರೀ ಕೇಳಿದಳು, ಅವನು ಬರೆದ. ಇಂಪನಾಳ ಮಾತು ಮೃದುವಾದಷ್ಟೂ ಅವನಿಗೆ ಊಟ ಸೇರದಾಯಿತು.

“ಹೇಳ್ಬುಡಣ್ಣ,” ಎಂದಳು ಬಿಂದುಶ್ರೀ.

“ಹೇಳಿದ್ರೆ ಹೊಂಟೋಯ್ತಾಳೆ ಕಣೇ.”

ಅಷ್ಟರಲ್ಲಿ ಇಂಪನಾಳ ಮೆಸೇಜ್ ಬಂತು: ‘ಭಾನುವಾರ ಮಧ್ಯಾಹ್ನ ಜುಂಜಪ್ಪನವರು ಕುಣಿಗಲ್‌ನಲ್ಲಿ ನುಡಿಸ್ತಾರಂತೆ. ನಿಮ್ ಪಕ್ಕ ಕೂತು ಕೇಳ್ಬೇಕು. ಆಮೇಲೆ ಮನೇಲಿ ನಿಮ್ ವಿಷ್ಯ ಹೇಳ್ತೀನಿ.’

ಚಿಕ್ಕ ಹಾಲ್, ಮೂವತ್ತು ಕುರ್ಚಿ. ಇಂಪನಾ ಮುಂಗುರುಳನ್ನು ಕಿವಿಯ ಹಿಂದಕ್ಕೆ ಸರಿಸಿ, ಓರೆಗಣ್ಣಿನಲ್ಲಿ ಅವನನ್ನು ನೋಡಿದಳು.

“ಯಾಕ್ರೀ, ಪರೀಕ್ಷೆಗೆ ಬಂದೋರ್ ತರ ಬೆವರ್ತಿದೀರ?”

ಅವನು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

ಜುಂಜಪ್ಪನವರು ಎಲ್ಲಕ್ಕಿಂತ ಚಿಕ್ಕ ಲೋಟಕ್ಕೆ ಕಮಾನು ಇಟ್ಟರು. ಕೈ ಆಡಿತು. ಇಂಪನಾ ಕಣ್ಣು ಮುಚ್ಚಿದಳು. ರೆಪ್ಪೆಯ ಅಂಚು ಒದ್ದೆಯಾಯಿತು. ಷಡಕ್ಷರಿಗೆ ಕಮಾನಿನ ಸದ್ದೇ ಕೇಳಿಸಲಿಲ್ಲ.

“ಹೆಂಗಿದೆ?” ಎಂದು ಪಿಸುಗುಟ್ಟಿದಳು.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆ ಒದ್ದೆ ಕಣ್ಣು ನೋಡಿ ಅದನ್ನು ಹೇಳಲು ಬಾಯಿ ಬರಲಿಲ್ಲ.

“ಕೇಳಿಸ್ತಿಲ್ಲ ಇಂಪನಾ. ಚೂಪು ಸದ್ದು ಯಾವ್ದೂ ನಂಗೆ ಕೇಳ್ಸಲ್ಲ. ಪ್ರೆಸ್ ಹತ್ರ ನಿಂತು ನಿಂತು ಕಿವಿ ಹೋಗಿದೆ.”

“ಮತ್ತೆ ಬರೀತಿದ್ದಿದ್ದು?”

“ನನ್ ತಂಗಿ ಕೇಳಿ ಹೇಳ್ತಿದ್ಲು. ನೀವು ಕೈತಪ್ಪಿ ಹೋಗ್ತೀರ ಅಂತ ಭಯ ಆಯ್ತು.”

ಇಂಪನಾ ಮುಖ ತಿರುಗಿಸಿದಳು. ಆ ಹಾಡು ಮುಗಿಯುವವರೆಗೂ ಇತ್ತ ನೋಡಲಿಲ್ಲ. ಎದ್ದು ಹೋಗಿಬಿಡಲೇ ಎಂದು ಷಡಕ್ಷರಿ ಎರಡು ಸಲ ಕುರ್ಚಿಯ ಅಂಚಿಗೆ ಸರಿದ.

“ಹಂಗಾದ್ರೆ ನಾನು ಇಷ್ಟಪಟ್ಟಿದ್ದು ನಿಮ್ ತಂಗೀನ,” ಎಂದಳು ಕೊನೆಗೆ. ದನಿಯಲ್ಲಿ ನಗುವಿರಲಿಲ್ಲ. “ಈಗ ನಿಮ್ಗೆ ಏನ್ ಕೇಳಿಸ್ತು? ನಿಮ್ಗೆ. ಹೇಳಿ.”

ಅವನು ವೇದಿಕೆಯ ಕಡೆ ಕೈ ತೋರಿಸಿದ. “ಕಮಾನು ಇಡೋಕ್ ಮುಂಚೆ ಅವ್ರು ಒಂದ್ಸಲ ಜೋರಾಗಿ ಉಸಿರು ಎಳ್ಕೋತಾರೆ. ಎಡಗಾಲು ಹಲಗೆ ಮೇಲೆ ತಟ್ತಾ ಇರುತ್ತೆ, ಮೆತ್ತಗೆ. ಪಾಪ, ಅವ್ರಿಗೂ ಹೆದ್ರಿಕೆ ಅನ್ಸುತ್ತೆ.”

ಇಂಪನಾ ಜುಂಜಪ್ಪನವರ ಕಾಲಿನ ಕಡೆ ನೋಡಿದಳು. ಹೌದು, ತಟ್ಟುತ್ತಿತ್ತು. ಇಷ್ಟು ದಿನ ಅವರ ಹಾಡನ್ನೇ ಕೇಳಿಕೊಂಡು ಬಂದವಳಿಗೆ ಅದು ಒಮ್ಮೆಯೂ ಕೇಳಿಸಿರಲಿಲ್ಲ.

“ಕೋಪ ಇದೆ ನಂಗೆ,” ಎಂದಳು. “ಸ್ವಲ್ಪ ದಿನ ಇರುತ್ತೆ. ಆದ್ರೆ ನಿಮ್ನ ಬಿಟ್ಟು ಹೋಗಲ್ಲ. ಇನ್ಮೇಲೆ ಕೇಳಿಸ್ದೇ ಇದ್ರೆ ಕೇಳಿಸ್ಲಿಲ್ಲ ಅನ್ನಿ, ಅಷ್ಟೆ.”

ಕೊನೆಯ ಹಾಡಿಗೆ ಜುಂಜಪ್ಪನವರು ಪಾತ್ರೆಗಳನ್ನು ಸಾಲಾಗಿ ಜೋಡಿಸಿದರು. ಚಿಕ್ಕ ಲೋಟದಿಂದ ಶುರುಮಾಡಿ ದೊಡ್ಡ ತಪ್ಪಲೆಯ ಕಡೆಗೆ ನಡೆದರು. ಇಂಪನಾ ಈ ಸಲ ಕಣ್ಣು ಮುಚ್ಚಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

“ಈಗ?”

“ಇಲ್ಲ.”

ಇನ್ನೊಂದು ಲೋಟ. “ಈಗ?”

“ಇಲ್ಲ.”

ಕಮಾನು ಚೊಂಬಿಗೆ ಬಂತು. ಅವಳು ಕೇಳುವ ಮೊದಲೇ ಷಡಕ್ಷರಿ ತಲೆಯೆತ್ತಿದ.

“ಬಂತು,” ಎಂದ.

ಇಂಪನಾ ಅವನ ಕೈ ಹಿಡಿದುಕೊಂಡಳು. ಅಲ್ಲಿಂದ ಮುಂದಿನದನ್ನು ಇಬ್ಬರೂ ಒಟ್ಟಿಗೆ ಕೇಳಿದರು.